ಸುಶೀಲಾ ಸಿಸ್ಟರ್ ಬಾಯಿ ಮುಚ್ಚಿದ ಅರ್ಧ ನಿಮಿಷ

ಮನೆ ಒಡತಿಗೆ ‘ನಾಲಿಗೆ ತೋರಿಸಿ’ ಎನ್ನಲು ಯಾರಾದರೂ ಮೈಸೂರು ಬಿಟ್ಟು ಬೀದರಿಗೆ ಬರುತ್ತಾರೆಯೇ? ನಾನು ಬಂದೆ. ಇಲ್ಲಿನ ಫಾರ್ಮಸಿ ಕಾಲೇಜಿನಲ್ಲಿ ನನ್ನ ಸಂಶೋಧನೆ, ನಾಲಿಗೆಯ ಮೇಲಿಟ್ಟರೆ ನೀರಿಲ್ಲದೆ ಕರಗುವ ತೆಳು ಹಾಳೆ. ಮಾತ್ರೆ ನುಂಗಲಾಗದವರಿಗೆ ಇದರಲ್ಲೇ ಔಷಧ ಬೆರೆಸಿ ಕೊಡಬಹುದು. ಮೈಸೂರಿನಲ್ಲಿ ಗಾಜಿಗೆ ಅಂಟಿಕೊಂಡು ಕಾಡುತ್ತಿದ್ದ ಹಾಳೆ, ಇಲ್ಲಿನ ಒಣಹವೆಗೆ ಹಪ್ಪಳದಂತೆ ಮುರಿಯಿತು. ಗ್ಲಿಸರಿನ್ ಹೆಚ್ಚಿಸಿ ಹೇಗೋ ಸರಿಮಾಡಿದೆ. ಬಾಯಲ್ಲಿ ಅರ್ಧ ನಿಮಿಷದೊಳಗೆ ಕರಗದಿದ್ದರೆ ವಿಷಯ ಕೈಬಿಟ್ಟು ಊರಿಗೆ ಹೊರಡಿ ಎಂದು ಮಾರ್ಗದರ್ಶಕರು ಹೇಳಿಬಿಟ್ಟರು.

ಕೋಣೆಗೆ ಇಲ್ಲಿ ಖೋಲಿ ಅನ್ನುತ್ತಾರೆ. ನನಗೆ ಖೋಲಿ ಕೊಟ್ಟ ಸುಶೀಲಾ ಸಿಸ್ಟರ್ ನಿವೃತ್ತ ನರ್ಸ್. ಔಷಧವಿಲ್ಲದ ಬರೀ ಹಾಳೆಯ ಪರೀಕ್ಷೆಗೆ ತಾವೇ ಮುಂದೆ ಬಂದರು. ಷರತ್ತು ಒಂದೇ: ಮಾತಾಡಬಾರದು, ಕರಗಿದ ಕೂಡಲೇ ಬೆರಳು ಎತ್ತಬೇಕು.

ಗಡಿಯಾರ ಒತ್ತಿದೆನೋ ಇಲ್ಲವೋ, ಬಗದಲ್‌ನಿಂದ ಹಾಲು ತರುವ ಶಾಂತಮ್ಮ ಬಾಗಿಲಿಗೆ ಬಂದಳು.

“ಆರಾಮ ಇದ್ದೀರೇನ್ರಿ ಸಿಸ್ಟರ್?”

“ಆರಾಮ ಇದ್ದೇನ್ರಿ. ಬರ್ರಿ, ಚಹಾ ಕುಡೀರಿ.”

ಹಾಳೆ ಅಂಗುಳಕ್ಕೆ ಮೆತ್ತಿಕೊಂಡಿತು. ಮರುದಿನ, ಅದರ ಮರುದಿನವೂ ಇದೇ ಕಥೆ. ನಾನು ರೇಗಿದೆ.

“ಬಂದವರಿಗೆ ಬರ್ರಿ ಅನ್ನಲಾರ್ದ ಹ್ಯಾಂಗ ಕುಂಡರ್ಲಿ ಬೇಟಾ? ಮಂದಿ ಏನಂದ್ಕೋತಾರ?” ಎಂದರು.

ಮೈಸೂರಿನ ನಮ್ಮ ಬೀದಿಯಲ್ಲಿ ತಲೆಯಾಡಿಸಿದರೆ ಸಾಕು. ಇಲ್ಲಿ ಉತ್ತರ ಬರದಿದ್ದರೆ ಜಗಳವಾಗಿದೆ ಎಂದೇ ಅರ್ಥ. ಗಂಟುಮೂಟೆ ಕಟ್ಟುವುದೇ ಗತಿ ಎಂದುಕೊಂಡು ಊಟಕ್ಕೆ ಕೂತೆ. ಜೋಳದ ರೊಟ್ಟಿ, ಪುಂಡಿ ಪಲ್ಯ. ಸಿಸ್ಟರ್ ಎಂದಿನಂತೆ ಕೈಜೋಡಿಸಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಪ್ರಾರ್ಥನೆಗೆ ಇಳಿದರು. ಮನೆ ನಿಶ್ಶಬ್ದ. ಅಯ್ಯೋ ನನ್ನ ಮಂಕುಬುದ್ಧಿಯೇ!

ಮರುದಿನ ಊಟಕ್ಕೆ ಕೂತಾಗ ಹೆದರುತ್ತಲೇ ಕೇಳಿದೆ, ಹಾಳೆ ಬಾಯಲ್ಲಿಟ್ಟುಕೊಂಡು ಪ್ರಾರ್ಥನೆ ಮಾಡಬಹುದೇ ಎಂದು.

“ದೇವರಿಗೇನು ನನ್ನ ಬಾಯಿ ಬೇಕೇನ? ಇಡ.”

ಶಾಂತಮ್ಮ ಬಂದಳು. ಸಿಸ್ಟರ್ ಮುಚ್ಚಿದ ಕಣ್ಣು ನೋಡಿ, ತಲೆಗೆ ಸೆರಗೆಳೆದುಕೊಂಡು ಸುಮ್ಮನೆ ನಿಂತಳು. ಅರ್ಧ ನಿಮಿಷಕ್ಕೆ ಇನ್ನೂ ಸಮಯವಿರುವಾಗಲೇ ಬೆರಳು ಮೇಲೆದ್ದಿತು. ನಾನು ಗೆದ್ದಿದ್ದೆ. ಆದರೆ ಸಿಸ್ಟರ್ ಕಣ್ಣು ತೆರೆಯಲಿಲ್ಲ. ಬೆರಳು ಎತ್ತಿದ ಹಾಗೇ ಪ್ರಾರ್ಥನೆ ನಡೆದೇ ಇತ್ತು, ರೊಟ್ಟಿ ತಣ್ಣಗಾಯಿತು.

“ಇಷ್ಟೊತ್ತು ಏನ್ ಬೇಡ್ಕೊಂಡ್ರಿ?”

“ಈ ಹುಡುಗಿ ಹೊಳ್ಳಿ ಹೋಗದಂಗ ಇಲ್ಲೇ ಇಡಪ್ಪಾ ಅಂತ. ಈಗ ಉಣ್ಣ.”

ಪಲ್ಯ ಖಾರವಾಗಿತ್ತು, ಕಣ್ಣೀರಿಗೆ ಅದೇ ನೆಪವಾಯಿತು.

ಬೀದರಿನಲ್ಲಿ ಇಂದಿಗೂ ಪ್ರಾರ್ಥನೆ ಮುಗಿಯುವ ಮೊದಲೇ ನನ್ನ ಕೈ ತಟ್ಟೆಗೆ ಹೋಗುತ್ತದೆ, ಬೈಸಿಕೊಳ್ಳುತ್ತೇನೆ. ಮೊನ್ನೆ ರಜೆಗೆ ಮೈಸೂರಿಗೆ ಹೋಗಿದ್ದೆ. ಅಮ್ಮ ಬಿಸಿ ಅನ್ನ, ಸಾರು ಬಡಿಸಿ ಎದುರಿಗೆ ಕೂತಳು. ನನ್ನ ಕೈ ಮಡಿಲಲ್ಲೇ ಇತ್ತು.

“ಯಾಕೇ, ಅನ್ನ ಆರ್ತಿದೆ. ಯಾರನ್ನ ಕಾಯ್ತಿದ್ದೀಯ?” ಎಂದಳು ಅಮ್ಮ.