ಎಡಕ್ಕೆ ಸುತ್ತುವ ವಿಮಾನ, ಚೆನ್ನಮ್ಮಕ್ಕನ ಅನುಮಾನ

ಚೆನ್ನಮ್ಮಕ್ಕ ನಂಬಿದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೋ ಇಲ್ಲವೋ, ನನಗಂತೂ ಗೊತ್ತಿಲ್ಲ. ಹಾಲಿನವನು ನೀರು ಬೆರೆಸಿದ್ದಾನೆ, ಮೀಟರ್ ನೋಡುವವನು ಬೇಕಂತಲೇ ಜಾಸ್ತಿ ಬರೆದಿದ್ದಾನೆ, ಕುಣಿಗಲ್ ಬಸ್ಸಿನವನು ತನ್ನನ್ನು ಕಂಡೂ ನಿಲ್ಲಿಸದೆ ಹೋದ. ನಾನು ಅಜ್ಮತುಲ್ಲಾ, ಅಮೃತೂರಿನ ಬಸ್‌ಸ್ಟ್ಯಾಂಡ್ ಪಕ್ಕ ಟೈಲರ್. ನನ್ನ ಹತ್ತಿರ ರವಿಕೆ ಹೊಲಿಸಿದರೆ ಉಳಿದ ಚೂರು ಬಟ್ಟೆಯನ್ನೂ ವಾಪಸ್ ಇಸಿದುಕೊಂಡು, ಬೆಳಕಿಗೆ ಹಿಡಿದು, “ಇದು ನಂದೇನಾ ಸಾಬ್ರೇ?” ಎನ್ನುವಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆ ಚೂರಿನಲ್ಲಿ ನಾನೇನು ಅರಮನೆ ಕಟ್ಟಿಸಲೇ!

ತೊಂಬತ್ತೇಳರಲ್ಲಿ ಅವಳ ತೆಂಗಿನ ತೋಟಕ್ಕೆ ಅಂಟಿಕೊಂಡ ಬಯಲಿನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ ಶುರುವಾಯಿತು. ಮಣ್ಣಿನ ರನ್‌ವೇ, ತಗಡಿನ ಶೆಡ್ಡು, ಇಬ್ಬರು ಕೂರುವ ಎರಡು ಪುಟಾಣಿ ವಿಮಾನ, ಅಷ್ಟೇ. ಮೇಲಿಂದ ನೀನು ಇಳಿ, ನೀನು ತಡೆ ಎಂದು ಹೇಳುವ ಟವರ್ ಇರಲಿಲ್ಲ, ರೇಡಿಯೋನೂ ಇರಲಿಲ್ಲ. ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವೊಂದಿತ್ತು. ಅದನ್ನು ಹೊಲಿದು ಕೊಟ್ಟವನು ನಾನೇ. ಏರ್‌ಫೋರ್ಸ್‌ನಿಂದ ರಿಟೈರಾಗಿ ಬಂದಿದ್ದ ಲಕ್ಷ್ಮೀನರಸಿಂಹಯ್ಯ ಅಲ್ಲಿ ಹಾರಾಟ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು.

ಚೆನ್ನಮ್ಮಕ್ಕನ ಒಬ್ಬನೇ ಮಗ ಅನಂತರಾಜು ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು, ಅಲ್ಲೇ ಇಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮೇಷ್ಟ್ರಿಗೆ ಹುಡುಗ ಹಿಡಿಸಿಬಿಟ್ಟ. ಪಕ್ಕದಲ್ಲಿ ಕೂರಿಸಿಕೊಂಡು ಹಾರಿಸುವುದನ್ನೇ ಕಲಿಸತೊಡಗಿದರು. ಅಲ್ಲಿಂದ ಚೆನ್ನಮ್ಮಕ್ಕನ ನಿದ್ದೆ ಹಾಳಾಯಿತು.

ಒಂದು ದಿನ ಅಂಗಡಿಗೆ ಬಂದವಳೇ ಬಾಗಿಲಿನ ಆಚೆ ಈಚೆ ನೋಡಿ ದನಿ ತಗ್ಗಿಸಿದಳು.

“ಸಾಬ್ರೇ, ನೀವು ಅವ್ರಿಗೆ ಬಟ್ಟೆ ಹೊಲ್ದು ಕೊಡೋರು, ನಿಮಗೆ ಗೊತ್ತಿರ್ತದೆ. ಆ ವಿಮಾನಗಳು ನನ್ ಮನೇನೇ ಯಾಕೆ ಸುತ್ತುತವೆ?”

“ಅದು ಅವುಗಳ ದಾರಿ ಕಣಕ್ಕ. ಮೇಲಕ್ಕೆದ್ದು, ಎಡಕ್ಕೆ ತಿರುಗಿ, ಒಂದು ಸುತ್ತು ಹಾಕಿ ಬಂದು ಇಳೀತವೆ.”

“ಅದ್ಕೇ ಕೇಳಿದ್ದು! ಎಡಕ್ಕೇ ಯಾಕೆ? ದೇವರಿಗೆ ಸುತ್ತು ಬಂದ್ರೆ ಬಲಕ್ಕೆ ಬರ್ತೀವಿ. ಎಡಕ್ಕೆ ಸುತ್ತೋದು ಹೆಣಕ್ಕೆ. ಯಾರೋ ಏನೋ ಮಾಡ್ಸವ್ರೆ. ಇಲ್ಲಾ ತ್ವಾಟ ಹೊಡ್ಕಳಕ್ಕೆ ಸಂಚು ಮಾಡವ್ರೆ.”

ನಾನು ನಕ್ಕೆ. ಅವಳು ನಗಲಿಲ್ಲ. “ಅವ್ರಪ್ಪ ಹೋದಾಗ ನನ್ ಮಗ ಮಡಿಕೆ ಹೊತ್ಕಂಡು ಎಡಕ್ಕೆ ಸುತ್ತಿದ್ದ. ಇನ್ನೂ ಮೀಸೆ ಬಂದಿರ್ನಿಲ್ಲ ಅವ್ನಿಗೆ. ಅದೊಂದ್ಸಲ ನೋಡಿದ್ದು ಸಾಕು ನಂಗೆ,” ಎಂದಳು. ನನ್ನ ನಗು ಅಲ್ಲೇ ನಿಂತಿತು.

ಅನಂತರಾಜು ಮೊದಲ ಸಲ ಒಬ್ಬನೇ ಹಾರುವ ದಿನ ಬಂತು. ಗಾಳಿಚೀಲ ಹರಿದಿತ್ತೆಂದು ಹೊಸದು ಹೊಲಿದು ನಾನು ಅಂದು ಬೆಳಿಗ್ಗೆ ಬಯಲಿಗೆ ಹೋಗಿದ್ದೆ. ಹುಡುಗ ನಮಸ್ಕಾರ ಮಾಡಿ ವಿಮಾನ ಹತ್ತಿದ. ಮೇಲಕ್ಕೆದ್ದ. ಆಮೇಲೆ ಎಡಕ್ಕೆ ತಿರುಗಬೇಕಾದವನು ಬಲಕ್ಕೆ, ಕೆರೆಯ ಕಡೆಗೆ ತಿರುಗಿಬಿಟ್ಟ.

“ಅಯ್ಯೋ, ಇವನೇನು ಮಾಡ್ತಿದಾನೆ!” ಎಂದು ಮೇಷ್ಟ್ರು ಕೂಗಿದರು. ಕ್ಲಬ್ಬಿನ ಇನ್ನೊಂದು ವಿಮಾನ ಆಗಲೇ ಮೇಲಿತ್ತು. ಅದರಲ್ಲಿದ್ದವನು ಎಂದಿನಂತೆ ತೋಟದ ಕಡೆಯಿಂದ ಎಡಸುತ್ತಿನಲ್ಲಿ ಬರುತ್ತಿದ್ದ. ಇಬ್ಬರೂ ಇಳಿಯಬೇಕಾದ್ದು ಒಂದೇ ರನ್‌ವೇಗೆ, ಒಂದೇ ತುದಿಯಿಂದ. ಒಬ್ಬ ಕೆರೆಯ ಕಡೆಯಿಂದ, ಇನ್ನೊಬ್ಬ ತೋಟದ ಕಡೆಯಿಂದ, ಎದುರಾಬದುರಾಗಿ ತಿರುಗಿದರು. ಮೇಷ್ಟ್ರು ನನ್ನ ಕೈಲಿದ್ದ ಹಳೆಯ ಗಾಳಿಚೀಲ ಕಿತ್ತುಕೊಂಡು ಬೀಸುತ್ತ ಓಡಿದರು. ನಾನು “ಯಾ ಅಲ್ಲಾ” ಎಂದು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಒಂದು ವಿಮಾನ ಮೇಲಕ್ಕೆ ನುಗ್ಗಿತ್ತು, ಇನ್ನೊಂದು ತೆಂಗಿನ ಗರಿ ಸವರಿಕೊಂಡು ಕೆಳಗೆ ಹಾದಿತ್ತು. ಹೇಗೋ ಇಬ್ಬರೂ ಜೀವಂತ ಇಳಿದರು.

“ಯಾಕೋ ಬಲಕ್ಕೆ ತಿರುಗಿದೆ?” ಎಂದು ಮೇಷ್ಟ್ರು ಎಷ್ಟು ಕೇಳಿದರೂ ಅನಂತರಾಜು ಬಾಯಿ ಬಿಡಲಿಲ್ಲ. “ಕಾರಣ ಹೇಳೋವರೆಗೂ ನೀನು ಹಾರೋ ಹಾಗಿಲ್ಲ. ಇನ್ನೊಬ್ಬರ ಪ್ರಾಣ ತೆಗೀತೀಯಾ,” ಎಂದು ಅವರು ಅವನನ್ನು ಕೆಳಗಿಳಿಸಿದರು. ಹುಡುಗ ಮನೆಗೆ ಹೋಗಿ ಅನ್ನ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ.

ಮಾರನೆಯ ದಿನ ನಾನು, ಆ ಗಲಾಟೆಯಲ್ಲಿ ಕಟ್ಟದೆ ಉಳಿದಿದ್ದ ಹೊಸ ಗಾಳಿಚೀಲ ಕಟ್ಟುತ್ತಿದ್ದಾಗ ಚೆನ್ನಮ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಯಲಿಗೆ ನುಗ್ಗಿದಳು.

“ನನ್ ಮಗ ಒಬ್ನೇ ಹೋದ್ ದಿನಾನೇ ಇನ್ನೊಂದ್ ವಿಮಾನ ಅವನ್ ಮ್ಯಾಲೆ ಬುಟ್ಟೋರ್ ಯಾರು? ಹೇಳಿ ಮೇಷ್ಟ್ರೇ! ಈ ಸಾಬ್ರೂ ನಿಮ್ ಕಡೆನೇಯಾ?”

ನನಗೆ ರೇಗಿಹೋಯಿತು. “ನಿಮ್ಮ ಮಗನೇ ದಾರಿ ತಪ್ಪಿ ಬಲಕ್ಕೆ ಹೋಗಿದ್ದು ಕಣಕ್ಕ! ಯಾಕೆ ಹೋದ ಅಂತ ಅವನನ್ನೇ ಕೇಳಿ!”

ಅವಳು ಸಿಕ್ಕಿಸಿದ್ದ ಸೆರಗನ್ನು ಸೊಂಟದಿಂದ ಬಿಚ್ಚಿದಳು. “ನಾನೇ ಹೇಳಿದ್ದು. ನನ್ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸ್ಕಂಡಿದ್ದೆ. ಮೇಷ್ಟ್ರು ಪಕ್ಕದಾಗಿದ್ರೆ ಆಗಾಕಿಲ್ಲ, ಒಬ್ನೇ ಹೋಗೋವಾಗ ಬಲಕ್ಕೆ ತಿರುಗು ಅಂದೆ. ಅತ್ತಗೆ ಕೆರೆ ಐತೆ, ಗಂಗಮ್ಮಂಗೂ ಪ್ರದಕ್ಷಿಣೆ ಬಂದಂಗಾಯ್ತದೆ ಅಂದೆ,” ಎಂದಳು.

ಮೇಷ್ಟ್ರು ಬೈಯುತ್ತಾರೆಂದು ನಾನು ಕಾದೆ. ಅವರು ಶೆಡ್ಡಿನ ಕಡೆ ಕೈ ತೋರಿಸಿದರು. “ಅಮ್ಮಾ, ನೀವು ಈ ಶೆಡ್ಡನ್ನ ಬಲಕ್ಕೆ ಸುತ್ತಿ. ಅಜ್ಮತ್, ನೀವು ಎಡಕ್ಕೆ. ಇಬ್ಬರೂ ಬೇಗ ಬೇಗ ನಡೀರಿ.”

ಇದೇನು ಮಕ್ಕಳಾಟ ಎಂದುಕೊಂಡೇ ನಡೆದೆ. ಹಿಂದಿನ ಮೂಲೆ ತಿರುಗುತ್ತಲೂ ಚೆನ್ನಮ್ಮಕ್ಕ ನನ್ನ ಎದೆಗೇ ಬಂದು ಡಿಕ್ಕಿ ಹೊಡೆದಳು. ನನ್ನ ಕನ್ನಡಕ ಹಾರಿಬಿತ್ತು. ಅವಳು ಹಣೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದಳು. ಕನ್ನಡಕ ಎತ್ತಿಕೊಡುತ್ತಾ ಅವಳು ನನ್ನ ಮುಖವನ್ನೇ ನೋಡಿದಳು.

“ನಡ್ಕಂಡು ಬಂದ್ರೇ ಹಿಂಗೆ,” ಎಂದಳು. “ಎಲ್ಲಾರೂ ಎಡಕ್ಕೇ ಸುತ್ತುದ್ರೆ?”

“ಯಾರೂ ಯಾರಿಗೂ ಎದುರಾಗಲ್ಲಮ್ಮ,” ಎಂದರು ಮೇಷ್ಟ್ರು. “ಮೇಲೆ ಹೇಳೋರು ಯಾರೂ ಇಲ್ಲ. ಎಲ್ಲರೂ ಎಡಕ್ಕೇ ಬರ್ತಾರೆ ಅನ್ನೋ ಒಂದು ನಂಬಿಕೆ ಮೇಲೇ ಎಲ್ಲರ ಜೀವ ಇರೋದು.”

ನಂಬಿಕೆ! ಅದೂ ಚೆನ್ನಮ್ಮಕ್ಕನಿಗೆ! ಅವಳು ನೆಟ್ಟಗೆ ಮನೆಗೆ ಹೋದಳು. ಸಂಜೆ ಮಗನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡು, “ಆಣೆ ಹಿಂದಕ್ ತಗಂಡಿವ್ನಿ ಕಣ್ಲಾ. ಏನಾದ್ರೂ ಆಗೋದಿದ್ರೆ ನಂಗೇ ಆಗ್ಲಿ. ಅವ್ರು ಹೇಳ್ದಂಗೆ ಸುತ್ತು,” ಎಂದಳಂತೆ. ಅನಂತರಾಜು ನನ್ನ ಅಂಗಡಿಗೆ ಬಂದು ಇದನ್ನು ಹೇಳಿ ಅತ್ತ.

ಅವನು ಮತ್ತೆ ಒಬ್ಬನೇ ಹಾರಿದ ದಿನ ಅವಳು ನನ್ನನ್ನೂ ತನ್ನ ಅಂಗಳಕ್ಕೆ ಕರೆಸಿಕೊಂಡಳು. ತೋಟದಾಚೆ ಇಂಜಿನ್ನಿನ ಸದ್ದು ಎದ್ದಿತು.

“ಸಾಬ್ರೇ, ಮ್ಯಾಲೆ ಇನ್ನೊಂದ್ ಐತಲ್ಲ, ಅದ್ರವ್ನೂ ಎಡಕ್ಕೇ ತಾನೆ ಬರೋದು? ನೀವೇ ಕೇಳ್ಕಂಡ್ ಬಂದ್ರಾ?”

“ನಾನೇ ಕೇಳಿದೀನಿ ಅಕ್ಕ.”

“ನಿಜಾ ತಾನೆ?”

“ನಿಜ.”

ವಿಮಾನ ತೆಂಗಿನ ಮೇಲಕ್ಕೆದ್ದು ಒಂದು ಕ್ಷಣ ನೇರವಾಗಿ ಹೋಯಿತು. ಯಾವ ಕಡೆಗೂ ವಾಲಲಿಲ್ಲ. ಗಂಡ ಸತ್ತ ದಿನದಿಂದ ಅಂಗಳದ ತುಳಸಿಕಟ್ಟೆಯನ್ನು ಎಡಕ್ಕೆ ಸುತ್ತಲು ಕೋಳಿಯನ್ನೂ ಬಿಡದಿದ್ದ ಚೆನ್ನಮ್ಮಕ್ಕ, ಎರಡೂ ಕೈ ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದಳು:

“ಎಡಕ್ಕೆ ತಿರುಗ್ಲಾ ಮಗಾ! ಎಡಕ್ಕೆ!”