ಮಿರ್ಚಿ ಕಟ್ಟಿದ ಸಂಪಾದಕೀಯ

ಮೊನ್ನೆ ಬಳ್ಳಾರಿ ಬಸ್ ನಿಲ್ದಾಣದ ಹೊರಗೆ ಮಿರ್ಚಿ ಕಟ್ಟಿಸಿಕೊಂಡೆ. ಎಣ್ಣೆ ಕುಡಿದ ಕಾಗದದಿಂದ ಕರಿದ ಹಿಟ್ಟಿನ ಜೊತೆಗೆ ಪ್ರಿಂಟರ್ ಮಸಿಯ ವಾಸನೆಯೂ ಎದ್ದಿತು. ಕಾಗದ ಬಿಡಿಸಿ ಎರಡೂ ಬದಿ ಓದಿದೆ. ಯಾವುದೋ ಕಾಲೇಜಿನ ಪ್ರಶ್ನೆಪತ್ರಿಕೆ. ಆಮೇಲೆಯೇ ಬಾಯಿಗಿಟ್ಟೆ. ಈ ಚಟ ಹತ್ತಿದ್ದು ಅಕ್ಕನ ದೆಸೆಯಿಂದ...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯವಳು. ಗಣಿಯ ದುಡ್ಡು ಎಲ್ಲರ ತಲೆಗೇರಿದ್ದ ಕಾಲ ಅದು. ಅವಳು ಬಳ್ಳಾರಿಯಲ್ಲೊಂದು ಇಂಟರ್‌ನೆಟ್ ಸೆಂಟರ್ ನೋಡಿಕೊಳ್ಳುತ್ತಿದ್ದಳು, ನಾನು ಅಲ್ಲೇ ಪಿಯುಸಿ. ಕಾಲೇಜು ಬಿಟ್ಟ ಮೇಲೆ ಕೀಬೋರ್ಡುಗಳ ಮೇಲಿನ ಅದಿರಿನ ಕೆಂಪು ಧೂಳು ಒರೆಸುವ ನೆಪದಲ್ಲಿ ಅವಳ ಬಳಿ ಕೂರುತ್ತಿದ್ದೆ. ಅವಳಿಗೆ ಕೆ-ಪಾಪ್ ಹುಚ್ಚು. ಒಂದಕ್ಷರ ತಿಳಿಯದ ಕೊರಿಯನ್ ಹಾಡು ಕೇಳಿ ಕಣ್ಣೀರಿಡುವಳು. ನನಗೂ ಅಂಟಿಸಿದಳು.

"ನಾವೂ ಒಂದು ಪತ್ರಿಕಿ ಮಾಡೂಣು ತಂಗಿ. ನೆಟ್ಟಿನ್ಯಾಗ, ಕನ್ನಡದಾಗ," ಎಂದಳು ಒಂದು ದಿನ. "ಈ ಹಾಡಿನ ಹುಚ್ಚಿನವ್ರು ಸಿರುಗುಪ್ಪದಾಗ ಇಬ್ಬರು ಅದಾರ, ಸಿರಿಗೇರಿಯಾಗ ಒಬ್ಬಾಕಿ ಅದಾಳ. ಹಿಂಗ ಇನ್ನೆಷ್ಟು ಮಂದಿ ಬಾಯಿ ಮುಚ್ಚಿಕೊಂಡು ಕುಂತಾರೋ!"

ಅವಳ ಅಣ್ಣನಿಗೆ ನಾಲ್ಕು ಅದಿರು ಲಾರಿಗಳಿದ್ದವು. ಅಲ್ಪನಿಗೆ ಐಶ್ವರ್ಯ ಬಂದರೆ ಎಂಬ ಗಾದೆ ಅವನಿಗಾಗಿಯೇ ಹುಟ್ಟಿತ್ತು. ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಅವನಿಗೆ ಗೊತ್ತಾಗದಂತೆ ಮೊದಲ ಸಂಚಿಕೆ ಹೊರಬರಬೇಕು, ಅದರ ಮೇಲೆ ಸಂಪಾದಕಿ ಎಂದು ತನ್ನ ಹೆಸರಿರಬೇಕು. ಅಕ್ಕ ಬದುಕಿನಲ್ಲಿ ಬೇಡಿದ್ದು ಅಷ್ಟೇ.

ಪರದೆಯ ಮೇಲೆ ತಪ್ಪು ಕಾಣುವುದಿಲ್ಲವೆಂದು ಪ್ರತಿ ಪುಟವನ್ನೂ ಪ್ರಿಂಟ್ ತೆಗೆದು ತಿದ್ದುವಳು. ತಿದ್ದಿಯಾದ ಹಾಳೆಗಳನ್ನು ಚೂರುಚೂರು ಹರಿದು ಬಿಸಾಡಲು ನನಗೆ ಕೊಡುವಳು. ಎದುರಿನ ಮಿರ್ಚಿ ಬಂಡಿಯ ಅಮ್ಮ ರದ್ದಿ ಕೊಟ್ಟವರಿಗೆ ಎರಡು ಮಿರ್ಚಿ ಕೊಸರು ಹಾಕುತ್ತಿದ್ದಳು. ನಾನು ಒಂದು ಹಾಳೆಯನ್ನೂ ಹರಿಯಲಿಲ್ಲ. ಹಾಳು ನಾಲಿಗೆ!

ಸಂಪಾದಕೀಯದ ಪುಟದಲ್ಲಿ ಅಕ್ಕ ತನ್ನ ಫೋಟೊದ ಪಕ್ಕಕ್ಕೆ ಮೆಚ್ಚಿನ ಗಾಯಕನ ಫೋಟೊ ಕೂಡಿಸಿದ್ದಳು, ಭುಜಕ್ಕೆ ಭುಜ ತಾಗುವಂತೆ. ಆ ಹಾಳೆಯಲ್ಲಿ ಕಟ್ಟಿದ ಮಿರ್ಚಿ ಅವಳ ಅಣ್ಣನ ಲಾರಿ ಡ್ರೈವರನ ಕೈಗೆ ಹೋಯಿತು.

ಮರುದಿನ ಮಧ್ಯಾಹ್ನ ಅಣ್ಣ ಎಣ್ಣೆಗಾಗದ ಹಿಡಿದು ಸೆಂಟರಿಗೆ ನುಗ್ಗಿದ. "ಯಾವನಲೇ ಇವ? ಯಾವ ಊರಾವ?"

"ನಾ ಯಾರಂತನ ಅವಗ ಗೊತ್ತಿಲ್ಲಣ್ಣ, ಅವ ಹಾಡಾವ..." ಎನ್ನುವಷ್ಟರಲ್ಲಿ ಅವಳ ಜಡೆ ಅವನ ಮುಷ್ಟಿಯಲ್ಲಿತ್ತು. ಮುಖವನ್ನು ಮೇಜಿಗೆ ಅಪ್ಪಳಿಸಿದ. ತುಟಿ ಸೀಳಿತು. ಅವಳೂ ಅವನ ಮುಂಗೈ ಕಚ್ಚಿ ರಕ್ತ ತೆಗೆದಳು. ಅವನು ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಎತ್ತಿ ಒಂದೊಂದೇ ಮಾನಿಟರ್ ಒಡೆದ. ಆಮೇಲೆ ಅವಳ ಬಲಗೈಯನ್ನು ಕೀಬೋರ್ಡಿನ ಮೇಲೆ ಅದುಮಿ ಹಿಡಿದು ಹೊಡೆದ. ಬೆರಳುಗಳು ಒಣ ತೊಗರಿಕಡ್ಡಿಯಂತೆ ಮುರಿದವು. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

"ಹಾಳಿ ಬೀದಿಗೆ ಒಗೆದಾವ್ರು ಯಾರು?"

ಅಕ್ಕ ಮೂಲೆಯಲ್ಲಿದ್ದ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿದಿತ್ತು. "ನಾನ," ಎಂದಳು. ಇನ್ನೊಂದು ಏಟು ಬಿತ್ತು. ನಾನು ತುಟಿ ಬಿಚ್ಚಲಿಲ್ಲ.

ಕೈ ಕೂಡುವ ಮೊದಲೇ ಸಿರುಗುಪ್ಪದಾಚೆ ಅವಳ ಮದುವೆ ಮಾಡಿದರು. ಬ್ಯಾಂಡೇಜಿದ್ದ ಕೈಗೆ ಬಳೆ ಏರಲಿಲ್ಲ, ಎಡಗೈಗಷ್ಟೇ ತೊಡಿಸಿದರು. ಬೀಳ್ಕೊಡುವಾಗ ನನ್ನ ಕಿವಿಯಲ್ಲಿ ಹೇಳಿದಳು: "ಪಾಸ್‌ವರ್ಡ್ ನಿನಗ ಗೊತ್ತೈತಲ್ಲ, ಪತ್ರಿಕಿ ನೀನ ಹೊರಗ ತಗಿ." ತಲೆಯಾಡಿಸಿದೆ. ಆದರೆ ಅವಳ ಅಣ್ಣನ ಹೆದರಿಕೆಗೆ ಅದನ್ನು ತೆರೆಯಲೇ ಇಲ್ಲ. ಧೈರ್ಯ ಬರುವ ಹೊತ್ತಿಗೆ ಪತ್ರಿಕೆ ಕೂಡಿಸಿಟ್ಟಿದ್ದ ಜಾಲತಾಣವೇ ಮುಚ್ಚಿತ್ತು. ಅಕ್ಕ ತೀರಿಕೊಂಡು ಈಗ ಮೂರು ವರ್ಷ...

ಮೊನ್ನೆ ನನ್ನ ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಸಿರುಗುಪ್ಪ ಬಸ್ಸಿಗೆ ಕಾಯುತ್ತ ಫೋನಿನಲ್ಲಿ ಕೊರಿಯನ್ ಹಾಡು ಹಾಕಿದ್ದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ನಮ್ಮಕ್ಕ ಇದರ ಮ್ಯಾಲ ಒಂದು ಪತ್ರಿಕಿ ಮಾಡಿದ್ದಳು" ಎಂದು ಹೇಳಬೇಕೆನಿಸಿತು. ಬಸ್ಸು ಬಂತು, ಹುಡುಗಿ ಹತ್ತಿದಳು. ಆವತ್ತಿನಂತೆ ಮೊನ್ನೆಯೂ ನಾನು ಬಾಯಿ ಬಿಡಲಿಲ್ಲ.