ಕಿತ್ತ ಕೈಯೇ ಹಾಕಿದ ಹಳಿ

ಶನಿವಾರ ಬೆಳಗಿನ ಆರು ಗಂಟೆ. ನ್ಯೂಜೆರ್ಸಿಯ ಉತ್ತರದ ಗುಡ್ಡದಲ್ಲಿ ಮಂಜು ಇನ್ನೂ ಎದ್ದಿಲ್ಲ, ಪಂಚಾಕ್ಷರಯ್ಯ ಎದ್ದು ಎರಡು ತಾಸಾಗಿದೆ. ತಲೆಗೆ ಉಣ್ಣೆ ಟೊಪ್ಪಿಗೆ, ಹೆಗಲಿಗೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಕೆಂಪು ಬಾವುಟ. ಹಳಿಯ ನಡುವೆ ನಡೆಯುತ್ತಾ ಅಲ್ಲಲ್ಲಿ ನಿಲ್ಲುತ್ತಾರೆ, ಮೇಲೆದ್ದ ಮೊಳೆಗೊಂದು ಏಟು ಹಾಕಿ ಮುಂದೆ ಸಾಗುತ್ತಾರೆ. ಹತ್ತು ಗಂಟೆಗೆ ಟರ್ಕಿ ರಿಜ್ ಗುಡ್ಡದ ಪುಟ್ಟ ರೈಲು ಜನರನ್ನು ಹೊತ್ತು ಹೊರಡುವ ಮುಂಚೆ ನಾಲ್ಕು ಮೈಲಿ ಹಳಿಯನ್ನೂ ಇವರ ಕಾಲು ಅಳೆದಿರಬೇಕು. ವಯಸ್ಸು ಅರವತ್ತೊಂಬತ್ತು.

"ಹಳಿ ನೋಡಾಕ ಕಣ್ಣು ಸಾಲಂಗಿಲ್ರಿ, ಕಾಲು ಬೇಕು," ಎನ್ನುತ್ತಾರೆ.

ಒಂದು ಕಾಲಕ್ಕೆ ಇದು ಕಬ್ಬಿಣದ ಅದಿರು ಇಳಿಸುತ್ತಿದ್ದ ಮೂರಡಿ ಅಗಲದ ಹಳಿ. ಗಣಿ ಮುಚ್ಚಿತು, ಹಳಿ ಗುಜರಿಗೆ ಹೋಯಿತು. ಊರಿನ ಹವ್ಯಾಸಿಗಳು ಹನ್ನೊಂದು ವರ್ಷ ರಜೆಯ ದಿನಗಳಲ್ಲಿ ಬೆವರು ಸುರಿಸಿ ಮತ್ತೆ ಹಾಸಿದ್ದಾರೆ. ಹಳಿಯಡಿಯ ಅಡ್ಡದಿಮ್ಮಿ ಸ್ಲೀಪರುಗಳೇ ಹತ್ತು ಸಾವಿರ ದಾಟುತ್ತವೆ.

ಪಂಚಾಕ್ಷರಯ್ಯ ಇಲ್ಲಿಗೆ ಬಂದದ್ದು ನಾಲ್ಕು ವರ್ಷದ ಹಿಂದೆ. ಹುಬ್ಬಳ್ಳಿ ಕಡೆ ಮೂವತ್ತೆಂಟು ವರ್ಷ ಗ್ಯಾಂಗ್‌ಮನ್, ಆಮೇಲೆ ದಿನಾ ಹಳಿಗುಂಟ ನಡೆದು ಕಾಯುವ ಕೀಮ್ಯಾನ್ ಆಗಿದ್ದವರು ಮೆಟುಚೆನ್‌ನ ಮಗಳ ಮನೆಗೆ ಬಂದು, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮ್ಯಾನ್‌ಹಟನ್ ರೈಲು ಎಣಿಸುತ್ತಿದ್ದರು. ಅದನ್ನು ನೋಡಲಾರದೆ ಮಗಳು ಭೂಮಿಕಾ ಒಂದು ಭಾನುವಾರ ಕಾರಿನಲ್ಲಿ ಇಲ್ಲಿಗೆ ಕರೆತಂದಳು. ಅವರು ಇಳಿದವರೇ ಗೇಣು ಹಾಕಿ ಹಳಿ ಅಳೆದರು. "ನಮ್ಮ ಮೀಟರ್‌ಗೇಜಿಗಿಂತ ನಾಕು ಬೆರಳು ಸಣ್ಣದೈತಿ!" ಅಂದಿನಿಂದ ಚಳಿ, ಮಂಡಿನೋವು, ಅರೆಬರೆ ಇಂಗ್ಲಿಷ್ ಯಾವುದೂ ಅವರನ್ನು ತಡೆದಿಲ್ಲ.

ತಡೆಯುವಂಥದ್ದು ಒಂದೇ ಒಂದು ಸಲ ಬಂತು, ಅದೂ ಅವರ ಕೈಯಿಂದಲೇ.

ಗುಡ್ಡದ ತುದಿಯ ಕೊನೆಯ ತಿರುವನ್ನು ಹಾಸಿದ್ದು ಇವರ ಉಸ್ತುವಾರಿಯಲ್ಲಿ. ತಿರುವಿನಲ್ಲಿ ರೈಲು ಹೊರಕ್ಕೆ ವಾಲದಿರಲೆಂದು ಹೊರಗಿನ ಹಳಿಯನ್ನು ತುಸು ಎತ್ತರಿಸುತ್ತಾರೆ. ಎಷ್ಟು ಎಂಬುದು ರೈಲಿನ ವೇಗದ ಲೆಕ್ಕ. ರೈಲು ಜನರಿಗೆ ತೆರೆಯಲು ಒಪ್ಪಿಗೆ ಕೊಡುವ ತಪಾಸಣಾಧಿಕಾರಿ ಬರಲು ಒಂಬತ್ತು ದಿನ ಉಳಿದಿದ್ದಾಗ, ಒಂದು ಮುಂಜಾನೆ ಅವರ ಕಾಲು ಅಲ್ಲಿ ನಿಂತಿತು. ಒಳಹಳಿಯ ಕೆಳಗಿನ ಜಲ್ಲಿ ಕುಸಿದಿತ್ತು. ಇಲ್ಲಿ ರೈಲು ಗಂಟೆಗೆ ಹತ್ತು ಮೈಲಿಯಲ್ಲಿ ತೆವಳುತ್ತದೆ. ಒಂದಂಗುಲ ಸಾಕಿತ್ತು. ರೂಢಿಬಿದ್ದ ಕೈ ಹುಬ್ಬಳ್ಳಿಯ ವೇಗಕ್ಕೆ ಮೂರಂಗುಲ ಎತ್ತರಿಸಿತ್ತು! ಪ್ರಯೋಗಕ್ಕೆ ಓಡಿಸಿದ ರೈಲಿನ ಭಾರವೆಲ್ಲ ಒಳಕ್ಕೆ ವಾಲಿ ಬಿದ್ದಿತ್ತು.

ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಂಚಾಕ್ಷರಯ್ಯನವರು ಹಾಕಿದ್ದೆಂದರೆ ಸರಿಯೇ ಇರುತ್ತದೆಂದು ಎಲ್ಲರೂ ನಂಬಿದ್ದರು.

"ಓಪನಿಂಗ್ ಆದಮ್ಯಾಲ ಹೇಳಿದ್ರ ನಡಿಯಂಗಿಲ್ಲೇನಪ್ಪಾ?" ಅಂದಳು ಭೂಮಿಕಾ, ಮನೆಯಲ್ಲಿ ವಿಷಯ ಕೇಳಿ.

"ಆ ರೈಲಿನಾಗ ನಿನ್ನ ಮಕ್ಕಳನ್ನ ಕೂಡಸ್ತೀ ಏನವ್ವಾ?"

ಭೂಮಿಕಾ ಕಾರಿನ ಕೀಲಿಕೈ ತೆಗೆದುಕೊಂಡಳು.

ಹಳಿ ಕೆಲಸದ ಮುಖ್ಯಸ್ಥ ಕಾರ್ಲ್, ನಿವೃತ್ತ ಬಸ್ ಚಾಲಕ. ಅವನ ಮುಂದೆ ಸುತ್ತಿಗೆ ಇಟ್ಟು ಅಯ್ಯನವರು ತಪ್ಪೊಪ್ಪಿಕೊಂಡರು. ಈ ಸುತ್ತಿಗೆ ಇನ್ನು ಕೈಗೆ ಸಿಗುವುದಿಲ್ಲ, ಮತ್ತೆ ಸ್ಟೇಷನ್ನಿನ ಬೆಂಚೇ ಗತಿ ಎಂದುಕೊಂಡಿದ್ದರು. ಕಾರ್ಲ್ ತಿರುವನ್ನು ಎರಡು ಸಲ ಅಡ್ಡಾಡಿ ನೋಡಿದ. ಸುತ್ತಿಗೆ ಎತ್ತಿ ಅವರ ಕೈಗೇ ಕೊಟ್ಟ. "ಎಲ್ಲಿಂದ ಶುರು ಮಾಡೋಣ?" ಎಂದಷ್ಟೇ ಕೇಳಿದ.

ಹದಿನೇಳು ಜನ, ಎಂಟು ದಿನ, ಮುನ್ನೂರು ಅಡಿ ತಿರುವು. ಜಾಕ್ ಕೊಟ್ಟು ಹಳಿ ಎತ್ತಿ, ಜಲ್ಲಿ ತೆಗೆದು, ಇಳಿಸಿ, ಮತ್ತೆ ಬಡಿದು ತುಂಬಿದರು. ಎಳೆಯರು ಸುಸ್ತಾಗಿ ಕೂತರೂ ಅಯ್ಯನವರು ಕೂರಲಿಲ್ಲ. ಒಂಬತ್ತನೆಯ ದಿನ ಅಧಿಕಾರಿ ಅಳತೆಪಟ್ಟಿ ಇಟ್ಟು ನೋಡಿ, ಒಂದು ತಕರಾರೂ ಇಲ್ಲದೆ ಸಹಿ ಹಾಕಿದ. ಇಂಥ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೆ ಯಾವುದಿದೆ!

ಮೊದಲ ರೈಲು ಹೊರಟ ದಿನ ಮುಂದಿನ ಬೋಗಿಯಲ್ಲಿ ಅವರಿಗೆಂದು ಸೀಟು ಕಾದಿರಿಸಿದ್ದರು. ಅಯ್ಯನವರು ಹತ್ತಲಿಲ್ಲ. ಅದೇ ತಿರುವಿನಲ್ಲಿ ನಿಂತು, ಕೊನೆಯ ಬೋಗಿ ದಾಟುವವರೆಗೂ ಹಳಿಯನ್ನೇ ನೋಡಿದರು.

"ತೊಂಬತ್ನಾಲ್ಕರಾಗ ಬ್ರಾಡ್‌ಗೇಜ್ ಬಂತ್ರಿ. ನಮ್ಮ ಸೆಕ್ಷನ್ನಿನ ಸಣ್ಣ ಹಳಿ ಕಿತ್ತ ಗ್ಯಾಂಗಿನಾಗ ನಾನೂ ಇದ್ದೆ. ನಾ ದಿನಾ ಕಾದ ಹಳಿ, ನಾನ ಕಿತ್ತೆ. ಅವತ್ತು ಊಟ ಸೇರಲಿಲ್ಲ," ಎಂದು ಸುತ್ತಿಗೆಯ ಹಿಡಿ ಸವರುತ್ತಾರೆ. "ಇನ್ನ ಯಾರರ ಏನ್ ಕೆಲಸ ಮಾಡೀರಿ ಅಂತ ಕೇಳಿದ್ರ, ಕಿತ್ತೀನಿ ಅನ್ನಂಗಿಲ್ಲ. ಹಾಕೀನಿ ಅಂತೀನಿ."